ಪಂಡಿತರ ಗಣಕಾಭ್ಯಾಸ

ಶಬ್ದಮಣಿದರ್ಪಣದ ಸೂತ್ರಗಳನ್ನು ಕಂಠಸ್ಥ ಮಾಡಿಕೊಂಡು, ಸೀಮೆಸುಣ್ಣದ ಧೂಳಿನಲ್ಲಿಯೇ ತಲೆ ನರೆಯಿಸಿಕೊಂಡ ನಮ್ಮ ಪ್ರೌಢಶಾಲೆಯ ಕನ್ನಡ ಪಂಡಿತರು, ಪ್ರಶ್ನಪತ್ರಿಕೆಗಳನ್ನು ಇನ್ನು ಮುಂದೆ ಗಣಕದಲ್ಲಿಯೇ ಸಿದ್ಧಪಡಿಸತಕ್ಕದ್ದೆಂಬ ಸುತ್ತೋಲೆಯನ್ನು ಶಿರಸಾವಹಿಸಿ, ತಮ್ಮದೇ ಹಳೆಯ ವಿದ್ಯಾರ್ಥಿನಿಯಾದ ಗಣಕಶಿಕ್ಷಕಿಯ ಮುಂದೆ ಶಿಷ್ಯಭಾವದಿಂದ ಕುಳಿತರು.

“ಏನಮ್ಮಾ, ಕೀಲಿಮಣೆಯಲ್ಲಿ ‘ಕ್ಷ’ ಎಲ್ಲಿಯೂ ಕಾಣದಲ್ಲ!”

“ಕೆ. ಪಿ. ರಾಯರ ವಿನ್ಯಾಸದಲ್ಲಿ ‘ಕೆ’, ‘ಎಫ್’, ‘ಎಕ್ಸ್’ ಒಂದಾದಮೇಲೊಂದು ಒತ್ತಬೇಕು, ಸಾರ್. ನಡುವಿನ ‘ಎಫ್’ ಒತ್ತಕ್ಷರ ಕೂಡಿಸುವುದಕ್ಕೆ.”

“ಅದಕ್ಕೆಂದೇ ಒಂದು ಗುಂಡಿಯೇ! ಭಲಾ! ಕೇಶಿರಾಜನಿಗೂ ಈ ಸೌಕರ್ಯವಿರಲಿಲ್ಲ.”

ಅಪರಾಹ್ನದ ಹೊತ್ತಿಗೆ ಪತ್ರಿಕೆಯು ಸಿದ್ಧವಾಗಿ ಮುಖ್ಯೋಪಾಧ್ಯಾಯರ ಗಣಕಕ್ಕೆ ರವಾನೆಯೂ ಆಯಿತು; ಅಲ್ಲಿ ಮಾತ್ರ, ಸಂಧಿಸಮಾಸಗಳಿರಬೇಕಾದ ಸ್ಥಾನದಲ್ಲಿ, ಕೊಂಬುಬಾಲಗಳುಳ್ಳ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಂತಿದ್ದುವು.

“ಇದಾವ ಭಾಷೆ, ತಾಯೀ?”

“ಕನ್ನಡವೇ, ಸಾರ್! ಹಳೆಯ ಫಾಂಟಿನಲ್ಲಿ ಒಳಗಿರುವುದು ರೋಮನ್ ಸಂಕೇತ, ತೋರುವ ಆಕೃತಿಯಷ್ಟೇ ಕನ್ನಡ. ಆ ಫಾಂಟಿಲ್ಲದ ಗಣಕದಲ್ಲಿ ಒಳಗಿನದು ಹೊರಬೀಳುತ್ತದೆ. ಯೂನಿಕೋಡಿನಲ್ಲಾದರೋ ಕನ್ನಡಕ್ಕೆಂದೇ 128 ಸ್ಥಾನಗಳ ಸ್ವಂತ ಮನೆಯುಂಟು.”

“ಸ್ವಂತ ಮನೆಯಿದ್ದೂ ನನ್ನನ್ನೇಕಮ್ಮಾ ಬಾಡಿಗೆ ಮನೆಗೆ ಅಟ್ಟಿದೆ?”

“ಸುತ್ತೋಲೆಯಲ್ಲಿ ಆ ಹಳೆಯ ಫಾಂಟನ್ನೇ ಬಳಸತಕ್ಕದ್ದೆಂದಿದೆ, ಸಾರ್.”

ಪಂಡಿತರು ಸುತ್ತೋಲೆಯನ್ನು ಮಗುಚಿದರು. ಬೆನ್ನಿನಲ್ಲಿ (ಸುತ್ತೋಲೆಗಳು ನಿಜ ನುಡಿಯುವುದು ಅಲ್ಲಿಯೇ ಅಷ್ಟೆ) ಒಂದು ಟಿಪ್ಪಣಿಯಿತ್ತು: ಮುಂಜಾಗ್ರತೆಗಾಗಿ ಕೈಬರಹದ ಪ್ರತಿಯೊಂದನ್ನು ಲಗತ್ತಿಸತಕ್ಕದ್ದು.

“ಅದು ನಿನ್ನೆ ರಾತ್ರಿಯೇ ಮುಗಿದಿದೆ” ಎಂದು ಪಂಡಿತರು ಅಂಗಿಯ ಜೇಬಿಗೆ ಕೈಹಾಕಿದರು.