ಅಟ್‌ವುಡ್ಡಮ್ಮನ ಹಣೆಪಟ್ಟಿ

ಮಗಳು ತಂದುಕೊಟ್ಟ ಕಾದಂಬರಿಯ ಹಿಂಬದಿ ‘ಸ್ಪೆಕ್ಯುಲೇಟಿವ್ ಫಿಕ್ಷನ್’ ಅಂತಿದೆ, ಹಾಗಂದ್ರೇನು ಅಂತ ಕೇಳಿದಿರಲ್ಲ ರಾಯರೇ, ಗಾಬರಿ ಬೇಡ, ಷೇರುಪೇಟೆ ವ್ಯವಹಾರವಲ್ಲ. ಆ ಮಾತನ್ನು ಚಾಲ್ತಿಗೆ ತಂದವರಲ್ಲಿ ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ ಮುಖ್ಯ. 1947ರ ಅವನ ಲೇಖನದ ಪ್ರಕಾರ ವಿಜ್ಞಾನದ ಗೆರೆ ದಾಟದೆ ‘ಹೀಗಾದರೆ ಹೇಗೆ?’ ಎಂದು ಕೇಳುವ ಕಥೆಗಷ್ಟೇ ಆ ಹೆಸರು. ಮಾಟಮಂತ್ರಕ್ಕೆ ಪ್ರವೇಶವಿಲ್ಲ. ಈಗ ನೋಡಿ, ದೆವ್ವ, ಡ್ರ್ಯಾಗನ್ನು ಎಲ್ಲ ಒಳಗೇ ಬಂದು ಕಾಲು ಚಾಚಿ ಕೂತಿವೆ.

ಇದಕ್ಕಿಂತ ಸ್ವಾರಸ್ಯದ್ದು ಕೆನಡಾದ ಮಾರ್ಗರೆಟ್ ಅಟ್‌ವುಡ್ ಅವರ ತಕರಾರು. ಹೆಂಗಸರ ಗರ್ಭವನ್ನೇ ಸರ್ಕಾರ ವಶಪಡಿಸಿಕೊಳ್ಳುವ ಕಥೆ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’. ಅದನ್ನು ಬರೆಯಲು ಕೂತಿದ್ದು 1984ರಲ್ಲಿ, ಪಶ್ಚಿಮ ಬರ್ಲಿನ್ನಿನಲ್ಲಿ, ಬಾಡಿಗೆಗೆ ತಂದ ಜರ್ಮನ್ ಟೈಪ್‌ರೈಟರ್ ಮುಂದೆ. ಹಾಕಿಕೊಂಡ ಕಟ್ಟಳೆ ಒಂದೇ: ಮನುಷ್ಯರು ಎಲ್ಲಾದರೂ ಎಂದಾದರೂ ಮಾಡಿರದ ಯಾವುದೂ ಪುಸ್ತಕದೊಳಗೆ ಬರಕೂಡದು. ಪೇಪರ್ ಕಟಿಂಗ್‌ಗಳನ್ನೇ ಕೂಡಿಟ್ಟುಕೊಂಡಿದ್ದರಂತೆ. ಉದಾಹರಣೆಗೆ, ರುಮೇನಿಯಾದ ಸರ್ವಾಧಿಕಾರಿ ಚೌಸೆಸ್ಕು 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದ. ಮುಂದೆ ಕೆಲಸದ ಜಾಗಕ್ಕೇ ವೈದ್ಯರನ್ನು ಕಳಿಸಿ ಹೆಂಗಸರು ಬಸುರಿಯರೋ ಅಲ್ಲವೋ ಅಂತ ತಪಾಸಣೆ ಮಾಡಿಸಿದ. ಇಷ್ಟೆಲ್ಲ ನಡೆದ ಮೇಲೆ ಕಟ್ಟುಕಥೆ ಅನ್ನೋದು ಯಾವುದನ್ನ, ಹೇಳಿ! ಅದಕ್ಕೇ ಆಯಮ್ಮ ಹೇಳೋದು: ಮಂಗಳಗ್ರಹದವರು ದಂಡೆತ್ತಿ ಬಂದರೆ ಅದು ಸೈನ್ಸ್ ಫಿಕ್ಷನ್, ನಿಜಕ್ಕೂ ಆಗಬಹುದಾದದ್ದನ್ನು ಬರೆದರೆ ಸ್ಪೆಕ್ಯುಲೇಟಿವ್, ನನ್ನದು ಎರಡನೆಯದು.

ಸೈನ್ಸ್ ಫಿಕ್ಷನ್ ಬರೆದೇ ಹೆಸರಾದ ಅಮೆರಿಕದ ಉರ್ಸುಲಾ ಲೆ ಗ್ವಿನ್ ಸುಮ್ಮನಿರುತ್ತಾರೆಯೇ? 2009ರಲ್ಲಿ ಅಟ್‌ವುಡ್‌ರ ಮತ್ತೊಂದು ಕಾದಂಬರಿಯನ್ನು ವಿಮರ್ಶಿಸುತ್ತ ಚುಚ್ಚಿಯೇ ಬಿಟ್ಟರು. ದೊಡ್ಡ ಸಾಹಿತಿಗಳು ಮೂಗು ಮುರಿಯುವ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಈಕೆಗೆ ಮನಸ್ಸಿಲ್ಲ ಅನ್ನೋದು ಅವರ ಮಾತಿನ ತಾತ್ಪರ್ಯ. ಮಾರನೇ ವರ್ಷ ಪೋರ್ಟ್‌ಲೆಂಡ್‌ನಲ್ಲಿ ಇಬ್ಬರೂ ಎದುರುಬದುರು ಕೂತು ಮಾತಾಡಿದಾಗ ಗುಟ್ಟು ಹೊರಬಿತ್ತು: ಅಟ್‌ವುಡ್ ಸ್ಪೆಕ್ಯುಲೇಟಿವ್ ಅನ್ನುವುದನ್ನೇ ಲೆ ಗ್ವಿನ್ ಸೈನ್ಸ್ ಫಿಕ್ಷನ್ ಅನ್ನುತ್ತಿದ್ದರು! 2011ರಲ್ಲಿ ಅಟ್‌ವುಡ್ ಈ ವಿಷಯವಾಗಿಯೇ ಪುಸ್ತಕ ಬರೆದು ಲೆ ಗ್ವಿನ್‌ಗೇ ಅರ್ಪಿಸಿದರು. ಜಗಳ ಆಡಿದರೆ ಹೀಗೆ ಆಡಬೇಕು ನೋಡಿ.

ನನ್ನ ಓಟು ಲೆ ಗ್ವಿನ್‌ಗೆ. ಹಣೆಪಟ್ಟಿ ಬದಲಾಯಿಸಿದ ಮಾತ್ರಕ್ಕೆ ಕಥೆಯ ಜಾತಿ ಬದಲಾಗೋಲ್ಲ. ನಂಬಿಕೆ ಬರದಿದ್ದರೆ ಕೇಳಿ: ಬ್ರಿಟನ್ನಿನಲ್ಲಿ ಪ್ರಕಟವಾದ ವರ್ಷದ ಅತ್ಯುತ್ತಮ ಸೈನ್ಸ್ ಫಿಕ್ಷನ್ ಕಾದಂಬರಿಗೆ ಅಂತ ಇರುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ 1987ರಲ್ಲಿ ಮೊಟ್ಟಮೊದಲು ಸಂದದ್ದೇ ‘ಹ್ಯಾಂಡ್‌ಮೇಡ್ಸ್ ಟೇಲ್’ಗೆ.