ಸೀಟ್ ಕಾಕಾ

ಜೂನ್ ತಿಂಗಳಲ್ಲಿ ಹಾರೂಗೇರಿ ಕ್ರಾಸಿನ ಚಾದಂಗಡಿಯಲ್ಲಿ ಕೂತು ‘ಈ ಸಲ ಹೆಂಗ್ರಿ?’ ಎಂದು ಯಾರಾದರೂ ಮಳೆಯ ಬಗ್ಗೆ ಕೇಳಿದರೆ, ಮೂಲೆಯ ಬೆಂಚಿನಿಂದ ಉತ್ತರ ಬರುವುದು ಸಿಇಟಿಯ ಬಗ್ಗೆ. ‘ಕಂಪ್ಯೂಟರ್ ಸೈನ್ಸ್ ತುಟ್ಟಿ ಐತಿ. ಸಿವಿಲ್ ಕೇಳೋರಿಲ್ಲ. ಅಗ್ರಿ ನೋಡ್ರಿ, ಧಾರವಾಡದಾಗ.’ ಮಾರುಕಟ್ಟೆಯಲ್ಲಿ ಅರಿಸಿನದ ದರ ಹೇಳುವ ಗತ್ತಿನಲ್ಲೇ ಹೇಳುತ್ತಾರೆ. ಇವರೇ ಸೀಟ್ ಕಾಕಾ. ಮನೆಯವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ, ಬೇರೆಲ್ಲೂ ಇಲ್ಲ. ಇಂಥವರು ಅಥಣಿಯಲ್ಲೂ ಒಬ್ಬರಿದ್ದಾರೆ, ಚಿಕ್ಕೋಡಿಯಲ್ಲೂ ಇದ್ದಾರೆ. ನಿಪ್ಪಾಣಿಯವರು ಮರಾಠಿಯಲ್ಲೂ ಸಲಹೆ ಕೊಡುತ್ತಾರಂತೆ.

ಕಾಕಾ ಈ ವಿದ್ಯೆ ಕಲಿತದ್ದು ಕೌನ್ಸೆಲಿಂಗ್ ಬೆಂಗಳೂರಿನಲ್ಲಿ ಎದುರೆದುರೇ ನಡೆಯುತ್ತಿದ್ದ ಕಾಲದಲ್ಲಿ. ಅಕ್ಕನ ಮಗನ ಜೊತೆ ಕುಡಚಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೂಲ ದಾಖಲೆಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿದ್ದರು. ಹುಡುಗ ಸೀಟು ಪಡೆದು ಬಂದ. ಕಾಕಾ ವೃತ್ತಿ ಪಡೆದು ಬಂದರು. ದಾಖಲೆಗಳಿಗೆ ಹಿಂಡಿಯ ಎಣ್ಣೆ ಹತ್ತಿತ್ತು ಎನ್ನುವುದನ್ನು ಅಕ್ಕ ಇನ್ನೂ ಮರೆತಿಲ್ಲ.

ಈಗ ಎಲ್ಲವೂ ಆನ್‌ಲೈನ್. ಆದರೂ ಕಾಕಾನ ಪ್ಲಾಸ್ಟಿಕ್ ಚೀಲ ಸಣ್ಣದಾಗಿಲ್ಲ. ಅದರಲ್ಲಿ ಯಾರ್ಯಾರದೋ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ. ಪ್ರಮಾಣಪತ್ರದ ಒಂದು ಆರ್‌ಡಿ ನಂಬರ್ ಹೇಳಿದರೆ ಇಂಥವರ ಮಗ ಎಂದು ಗುರುತಿಸುತ್ತಾರೆ. ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬ ನಿಯಮವನ್ನಂತೂ, ಮಗನನ್ನು ಐದನೇ ಇಯತ್ತೆಗೇ ಸಾಂಗ್ಲಿ ಬೋರ್ಡಿಂಗಿಗೆ ಹಾಕುವ ತಂದೆಯರನ್ನು ರಸ್ತೆಯಲ್ಲೇ ತಡೆದು ಹೇಳುತ್ತಾರೆ. ಜತ್ತ ತಾಲೂಕಿನ ಬೀಗರಿಗೆ ಗಡಿನಾಡು ಕನ್ನಡಿಗರ ಅವಕಾಶ ಇದೆಯೆಂದು ತಿಳಿಸಿದವರೂ ಇವರೇ. ಕನ್ನಡ ಪರೀಕ್ಷೆಗೆ ಕೂರಬೇಕು ಅಂದಾಗ ಆ ಹುಡುಗ ಹೆದರಿದ. ಕಾಕಾ ಎಂಟು ದಿನ ಮನೆಯಲ್ಲಿಟ್ಟುಕೊಂಡು ಒತ್ತಕ್ಷರ ತಿದ್ದಿಸಿದರು.

ಅವರ ದುಃಖಗಳೂ ಸೀಟಿನವೇ. ಹಾರೂಗೇರಿ ಪುರಸಭೆಯಾದಾಗ ಊರು ಗುಲಾಲು ಹಾರಿಸಿತು. ಕಾಕಾ ಒಬ್ಬರೇ ಹಣೆ ಬಡಿದುಕೊಂಡರು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ನೂರಕ್ಕೆ 15 ಗ್ರಾಮೀಣ ಮೀಸಲು. ಪುರಸಭೆಯ ಹದ್ದಿನೊಳಗಿನ ಶಾಲೆ ಆ ಲೆಕ್ಕಕ್ಕೆ ಹಳ್ಳಿಯಲ್ಲ. ‘ಬೀದಿ ದೀಪ ಬಂತು, ಹದಿನೈದು ಪರ್ಸೆಂಟ್ ಹೋತು’ ಎಂದು ಇವತ್ತಿಗೂ ಕಂಬ ಕಂಡಾಗೆಲ್ಲ ಗೊಣಗುತ್ತಾರೆ. ಇನ್ನೊಂದು ಸಂಕಟ 371(ಜೆ). ಹಿಂದೆ ನಿಜಾಮನ ಕೈಯಲ್ಲಿದ್ದ ರಾಯಚೂರು, ಕೊಪ್ಪಳದವರಿಗೆ ಅದರಡಿ ಸಿಗುವ ಮೀಸಲು ಬೆಳಗಾವಿ ಜಿಲ್ಲೆಗೆ ಇಲ್ಲ. ‘ನಮ್ಮ ರಾಯಬಾಗ ತಾಲೂಕು ಕೊಲ್ಹಾಪುರ ಮಹಾರಾಜರ ಕೈಯಾಗಿತ್ತು. ಅದs ನಿಜಾಮನ ಕೈಯಾಗಿದ್ರ ಇವತ್ತು ನಮ್ಮ ಹುಡುಗ್ರು ಡಾಕ್ಟರ್ ಆಗಿರ್ತಿದ್ರು’ ಎನ್ನುತ್ತಾರೆ. ಆದರೆ 1902ರಲ್ಲೇ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 50 ಮೀಸಲಿಟ್ಟವರು ಅದೇ ಕೊಲ್ಹಾಪುರದ ಶಾಹು ಮಹಾರಾಜರಲ್ಲವೇ ಎಂದು ಯಾರಾದರೂ ನೆನಪಿಸಿದರೆ ಮೀಸೆ ತಿರುವಿ, ‘ಮತ್ತs? ಶುರು ಮಾಡಿದವ್ರs ನಾವು’ ಎಂದು ಅರೆಗಳಿಗೆಯಲ್ಲಿ ಪಕ್ಷ ಬದಲಿಸುತ್ತಾರೆ.

ಮಂದಿಯನ್ನು ಅವರು ಹೆಸರಿನಿಂದ ಕರೆಯುವುದಿಲ್ಲ, ಓದಿಗೆ ಸಿಗುವ ರೊಕ್ಕದಿಂದ ಕರೆಯುತ್ತಾರೆ. ಗೇಟ್ ಬರೆದು ಎಂ.ಟೆಕ್ ಸೇರಿದ ಗೌಡರ ಮಗ ‘ಹನ್ನೆರಡು ಸಾವಿರದ ನಾಕ್ನೂರು’. ಜೆಆರ್‌ಎಫ್ ಪಡೆದು ಪಿಎಚ್‌ಡಿಗೆ ಹೋದ ಮಾಸ್ತರರ ಮಗಳು ‘ಮೂವತ್ತೇಳು ಸಾವಿರ’. ‘ಮೂವತ್ತೇಳು ಸಾವಿರ ಊರಿಗೆ ಬಂದಾಳೇನ್ರಿ?’ ಎಂದು ಸಂತೆಯಲ್ಲಿ ಗಟ್ಟಿಯಾಗಿ ಕೇಳಿದಾಗ ಮಾಸ್ತರರು ಜೇಬು ಮುಟ್ಟಿ ನೋಡಿಕೊಂಡರಂತೆ. ಎಂ.ಎಸ್ಸಿ ಓದುವ ರೈತರ ಮನೆಯ ಹುಡುಗಿಯರೆಲ್ಲ ‘ಹನ್ನೊಂದು ಸಾವಿರ’, ಹುಡುಗರು ‘ಹತ್ತು ಸಾವಿರ’. ಅದು ರೈತ ವಿದ್ಯಾನಿಧಿಯ ವರ್ಷದ ಲೆಕ್ಕ. ಅವರ ಸ್ವಂತ ಮಗನಿಗೆ ಮಾತ್ರ ಅಂಕಿಯಿಲ್ಲ. ಅಪ್ಪನ ಕೈಗೆ ಆಪ್ಶನ್ ಫಾರ್ಮ್ ಸಿಗುವ ಮೊದಲೇ ಅವನು ಅಥಣಿಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟ. ಚೆನ್ನಾಗಿದ್ದಾನೆ.

ಕಾಕಾನಿಗೆ ಗೊತ್ತಿಲ್ಲದ್ದು ಒಂದೇ: ಸೀಟಿನೊಳಗೆ ಏನಿರುತ್ತದೆ ಎನ್ನುವುದು. ಹುಡುಗನಿಗೆ ಯಾವುದು ಇಷ್ಟ ಎಂದು ಅವರು ಕೇಳಿದ್ದನ್ನು ನಾನು ಕೇಳಿಲ್ಲ. ರ‍್ಯಾಂಕ್ ಕೇಳುತ್ತಾರೆ, ಕೆಟಗರಿ ಕೇಳುತ್ತಾರೆ, ಆಮೇಲೆ ಒಂದು ಬೆರಳೆತ್ತುತ್ತಾರೆ. ಚಾಯ್ಸ್ ಒಂದು: ಸೀಟು ಒಪ್ಪಿದೆ, ಹೋಗಿ ಸೇರು. ಎರಡು: ಇದು ಇರಲಿ, ಇದಕ್ಕಿಂತ ಮೇಲಿನದಕ್ಕೆ ಕಾಯುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು: ನಿಮ್ಮ ಸಹವಾಸವೇ ಬೇಡ. ಸಿಇಟಿ ನಡೆಸುವ ಕೆಇಎ ಕೊಟ್ಟ ಈ ನಾಲ್ಕರಲ್ಲಿ ಜಗತ್ತಿನ ವ್ಯವಹಾರವೆಲ್ಲ ಮುಗಿಯುತ್ತದೆಂದು ಅವರ ನಂಬಿಕೆ. ಕನ್ಯೆ ನೋಡಿ ಬಂದವರಿಗೂ ‘ಚಾಯ್ಸ್ ಎರಡು ಇಡ್ರಿ’ ಎಂದು ಹೇಳಿ ಒಮ್ಮೆ ಬೈಸಿಕೊಂಡಿದ್ದಾರೆ.

ಹೀಗಿರುವಾಗ ಮಾರ್ಚಿನಲ್ಲಿ ಓಣಿಯ ಹುಡುಗಿಯೊಬ್ಬಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ರಸಾಯನಶಾಸ್ತ್ರದ ಪಿಎಚ್‌ಡಿಗೆ ಪತ್ರ ಬಂತು. ಬೋಧನಾ ಫೀ ಮಾಫಿ, ವಾರಕ್ಕೆ ಇಪ್ಪತ್ತು ತಾಸು ಪಾಠ ಮಾಡಿದರೆ ಪಗಾರ. ಕಾಕಾ ಓಡಿ ಬಂದರು. ‘ಚಾಯ್ಸ್ ಒಂದು ಒತ್ತು. ಈಗs ಒತ್ತು. ರಾತ್ರಿ ಸರ್ವರ್ ಬಿಜಿ ಆಗತೈತಿ.’ ಹುಡುಗಿ ನಕ್ಕು, ಇನ್ನೊಂದು ಕಡೆಯ ಉತ್ತರ ಬರುವುದಿದೆ, ಏಪ್ರಿಲ್ 15ರ ತನಕ ಸಮಯವಿದೆ ಎಂದಳು. ಅಲ್ಲಿಯ ಪದವೀಧರ ಶಾಲೆಗಳ ಕೌನ್ಸಿಲ್ ಒಂದು ಒಪ್ಪಂದ ಮಾಡಿಕೊಂಡಿದೆ; ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಜೊತೆ ಸೀಟು ಕೊಟ್ಟರೆ ಆ ತಾರೀಕಿನ ಮುಂಚೆ ಉತ್ತರಕ್ಕೆ ಒತ್ತಾಯಿಸುವಂತಿಲ್ಲ. ಕಾಕಾ ಬೆಂಚು ಹುಡುಕಿ ಕೂತರು. ‘ತಿಂಗಳಗಟ್ಲೆ ಸೀಟು ಹಿಡಕೊಂಡು ಕೂಡ್ತಾರಂದ್ರ ಅದು ಸೀಟಲ್ಲವ್ವಾ, ಮೋಸ.’

ಆದರೆ ಅವರನ್ನು ಬರೀ ನಗೆಯ ಸರಕು ಮಾಡಿದರೆ ತಪ್ಪಾಗುತ್ತದೆ. ಪತ್ರ ಕೈಗೆತ್ತಿಕೊಂಡು, ಇಂಗ್ಲಿಷ್ ಓದದೆ ಅಂಕಿಗಳನ್ನಷ್ಟೇ ಓದಿ ಒಂದು ಪ್ರಶ್ನೆ ಕೇಳಿದರು: ‘ಕಬ್ಬಿನ ಬಿಲ್ಲಿನ್ಯಾಗ ಕಟಾವು, ಸಾಗಾಣಿಕೆ ಹಿಡಕೊಂಡು ಉಳದದ್ದು ಕೊಡ್ತಾರಲ್ಲ, ಹಂಗ ಇದರಾಗ ಏನೇನು ಹಿಡೀತಾರ ಕೇಳಿದೇನು?’ ಹುಡುಗಿ ಕೇಳಿರಲಿಲ್ಲ. ಬರೆದು ಕೇಳಿದಳು. ಬೋಧನಾ ಫೀ ಮಾಫಿಯೇ ಹೌದು, ಆದರೆ ಇತರ ಶುಲ್ಕಗಳು ಅವಳ ಮೇಲೆಯೇ. ಪಗಾರ ಒಂಬತ್ತು ತಿಂಗಳದ್ದು, ಬೇಸಿಗೆಯ ಮೂರು ತಿಂಗಳು ಖಾಲಿ. ಏಪ್ರಿಲ್ ಮೊದಲ ವಾರ ಎರಡನೆಯ ಪತ್ರ ಬಂತು. ಅದರಲ್ಲಿ ಅಂಕಿ ಸಣ್ಣದು, ಆದರೆ ಹನ್ನೆರಡು ತಿಂಗಳದ್ದು. ಕಾಕಾ ಎರಡೂ ಪತ್ರಗಳ ಲೆಕ್ಕವನ್ನು ಸಿಗರೇಟು ಪಾಕೀಟಿನ ಹಿಂದೆ ಮಾಡಿದರು, ಸಣ್ಣದೇ ದೊಡ್ಡದಾಯಿತು. ಹುಡುಗಿ ಅದನ್ನೇ ಒಪ್ಪಿಕೊಂಡು, ಮೊದಲನೆಯವರಿಗೆ ಅದೇ ದಿನ ‘ಬರುವುದಿಲ್ಲ’ ಎಂದು ಬರೆದಳು. ಕಾಯುವವರ ಪಟ್ಟಿಯಲ್ಲಿ ಯಾರೋ ಇರುತ್ತಾರಲ್ಲ ಎಂದಳು. ಇದು ಮಾತ್ರ ಕಾಕಾನಿಗೆ ಜೀರ್ಣವಾಗಲಿಲ್ಲ. ಕೈಯಲ್ಲಿರುವ ಸೀಟನ್ನು ತಾನಾಗಿ ಬಿಡುವುದೇ? ಎರಡು ದಿನ ಚಾ ಕುಡಿಯಲಿಲ್ಲ.

ಮೂರನೆಯ ದಿನ ಹೊಸ ಶಾಸ್ತ್ರದೊಂದಿಗೆ ಬಂದರು. ಈಗ ಯಾರೇ ಸಲಹೆ ಕೇಳಲಿ, ಒಂದೇ ಮಂತ್ರ: ‘ಗಡಬಡ ಮಾಡಬ್ಯಾಡ್ರಿ. ಅಮೆರಿಕಾದಾಗ ಏಪ್ರಿಲ್ ಹದಿನೈದರ ತನಕ ಯಾರೂ ಬಾಯಿ ಬಿಡೂದಿಲ್ಲ.’ ಸಿಇಟಿ ಸುತ್ತು ಬಂದಾಗಲೂ ಬಿಡಲಿಲ್ಲ. ನಾಳೆ ಮುಂಜಾನೆಗೆ ಚಾಯ್ಸ್ ಒತ್ತುವ ಅವಧಿ ಮುಗಿಯುತ್ತದೆ ಎಂದು ಹುಡುಗನೊಬ್ಬ ಬೆವರುತ್ತಿದ್ದರೆ, ‘ಹತ್ತು ದಿನ ಆಟ ಆಡಸು, ತಾವs ರೊಕ್ಕ ಹೆಚ್ಚು ಮಾಡ್ತಾರ’ ಎಂದರು. ಕಬ್ಬಿನಲ್ಲಿ ಕಳೆ ತೆಗೆಯುತ್ತಿದ್ದ ಹುಡುಗನ ಅವ್ವ ಕುರ್ಪಿ ಬಿಟ್ಟು, ಮಗನ ಕಿವಿ ಹಿಡಿದು ಸೈಬರ್ ಅಂಗಡಿಗೆ ಎಳೆದೊಯ್ದು ಚಾಯ್ಸ್ ಒಂದು ಒತ್ತಿಸಿದಳು.

ಮಧ್ಯಾಹ್ನ ಕಾಕಾ ಬರುವಷ್ಟರಲ್ಲಿ ಹಣ ಕಟ್ಟಿ ಆಗಿತ್ತು. ರಸೀದಿ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು. ‘ಆದಾಯ ಎಂಟು ಲಕ್ಷದೊಳಗ ಐತಲ್ಲ, ಎಸ್‌ಎನ್‌ಕ್ಯೂ ಸೀಟಂದ್ರ ಬೋಧನಾ ಫೀ ಮಾಫಿ. ಇವ್ರು ಹಿಡಕೊಂಡಾರೋ ಏನೋ, ಬೆಂಗಳೂರಿಗೆ ಫೋನ್ ಹಚ್ಚು.’

ಮಾಫಿಯಾಗಿಯೇ ಇದೆ ಎಂದು ಅವ್ವ ಬೆರಳಿಟ್ಟು ತೋರಿಸಿದಳು.

‘ಹಂಗಾರ ಚಾ ಹೇಳು’ ಎಂದರು ಕಾಕಾ.