ಗಂಗಾಳದಾಗ ಪ್ರೋಟೀನು

ಉಣಕಲ್ ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗಿಗೆ ಸೇರುವ ನಮ್ಮ ನಿವೃತ್ತರ ತಂಡಕ್ಕೆ ಬಹಳ ವರ್ಷ ಎರಡೇ ವಿಷಯಗಳಿದ್ದವು. ಮಹದಾಯಿ ನೀರು ಯಾವಾಗ ಬರುತ್ತದೆ, ಬೆಂಗಳೂರಿಗೆ ಹೋದ ಮಕ್ಕಳು ಯಾವಾಗ ಬರುತ್ತಾರೆ. ಎರಡೂ ಬರುವ ಲಕ್ಷಣ ಕಾಣದೆ ಮಾತು ಸಪ್ಪಗಾಗಿದ್ದ ಹೊತ್ತಿಗೆ ಪ್ರೋಟೀನು ಬಂತು.

ಈಗ ‘ಆರಾಮದೀರೇನ್ರಿ?’ ಎಂದು ಯಾರೂ ಕೇಳುವುದಿಲ್ಲ. ‘ನಿನ್ನೆ ಎಷ್ಟು ಗ್ರಾಂ ಆತ್ರಿ?’ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಇಷ್ಟು ದಿನ ಗ್ರಾಂ ಲೆಕ್ಕದಲ್ಲಿ ಮಾತಾಡುತ್ತಿದ್ದವರು ಬಂಗಾರದಂಗಡಿಯವರು ಮಾತ್ರ.

ಈ ಲೆಕ್ಕದ ಮೂಲ ಹೈದರಾಬಾದಿನಲ್ಲಿದೆ. ಅಲ್ಲಿಯ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ, ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 65 ಕಿಲೋದ ಗಂಡಸಿಗೆ 54 ಗ್ರಾಂ, 55 ಕಿಲೋದ ಹೆಂಗಸಿಗೆ 46. ನಮ್ಮ ತಂಡದ ಬ್ಯಾಂಕ್ ಮ್ಯಾನೇಜರು ನಿವೃತ್ತರಾದರೂ ಗುಣಾಕಾರ ಬಿಟ್ಟಿಲ್ಲ. ತಮ್ಮ 92 ಕಿಲೋಕ್ಕೆ ಅಲ್ಲೇ ನಿಂತು ಲೆಕ್ಕ ಹಾಕಿ, ‘ಹಂಗಾರ ನಂದು 76 ಆತು ನೋಡ್ರಿ’ ಎಂದು ಬಡ್ತಿ ಸಿಕ್ಕವರ ಮುಖ ಮಾಡಿದರು. ಜೊತೆಗಿದ್ದ ಡಾಕ್ಟರು ತಣ್ಣಗೆ ಅಂದರು: ‘ಸಾಹೇಬ್ರ, ಅದು ನೀವು ಇರಬೇಕಾದ ತೂಕದ ಲೆಕ್ಕ. ಹೊಟ್ಟಿಗೆ ಬ್ಯಾರೆ ಪಾಲಿಲ್ಲ. ಮತ್ತ ಕಿಡ್ನಿ ತ್ರಾಸ ಇದ್ದವರು ನನ್ನ ಕೇಳದ ಏನೂ ಹೆಚ್ಚು ಮಾಡಬ್ಯಾಡ್ರಿ.’

ಅಂದಿನಿಂದ ತಂಡದ ಪ್ರತಿಯೊಬ್ಬರೂ ತಮಗೆ ಪ್ರೀತಿಯಾದ ತಿನಿಸಿನಲ್ಲೇ ಪ್ರೋಟೀನು ಇದೆಯೆಂದು ಸಾಧಿಸುವ ಸಂಶೋಧನೆಗೆ ಇಳಿದಿದ್ದಾರೆ. ಮಿರ್ಚಿ ಭಜಿ ಕಡಲೆ ಹಿಟ್ಟಿನದು, ಕಡಲೆ ಅಂದರೆ ಪ್ರೋಟೀನು, ಆದ್ದರಿಂದ ಇನ್ನೆರಡು ಹಾಕು. ಗಿರ್ಮಿಟ್ಟಿಗೆ ಪುಠಾಣಿ ಹಿಟ್ಟು ಉದುರಿಸುತ್ತಾರಲ್ಲ, ಅದೂ ಪ್ರೋಟೀನೇ. ಧಾರವಾಡದವರೊಬ್ಬರು ಇವರೆಲ್ಲರನ್ನೂ ಮೀರಿಸಿದರು. ಪ್ಲೇಗಿಗೆ ಅಂಜಿ ಉತ್ತರದ ಉನ್ನಾವದಿಂದ ಬಂದ ಠಾಕೂರ ಮನೆತನದವರು ಲೈನ್ ಬಜಾರಿನಲ್ಲಿ ಹಾಲನ್ನು ಕಾಯಿಸಿ ಕಾಯಿಸಿ ಕೆಂಪಗೆ ಮಾಡಿದ ಪೇಡೆ ಹಾಲಿನ ಸಾರವಲ್ಲದೆ ಮತ್ತೇನು ಎಂಬುದು ಅವರ ವಾದ. ಮೇಲೆ ಹೊರಳಿಸಿದ ಸಕ್ಕರೆಯ ಬಗ್ಗೆ ಕೇಳಿದರೆ, ‘ಅದು ಬರೀ ಅರಿವಿ ರೀ, ಮೈಯಲ್ಲ’ ಎಂದರು. ಡಾಕ್ಟರು ಮಾತಾಡಲಿಲ್ಲ. ಆ ಪೇಡೆ ಅವರ ಕೈಯಲ್ಲೂ ಇತ್ತು.

ನಮ್ಮ ಮನೆಗೆ ಪ್ರೋಟೀನು ಡಬ್ಬಿಯ ರೂಪದಲ್ಲಿ ಬಂತು. ಕಾಲೇಜು ಕಲಿಯಲು ನಮ್ಮಲ್ಲಿರುವ ಅಣ್ಣನ ಮಗ ವಿದ್ಯಾನಗರದ ಜಿಮ್ಮಿಗೆ ಸೇರಿದ ವಾರದಲ್ಲೇ ಅಡಿಗೆಮನೆಯ ಕಟ್ಟೆಯ ಮೇಲೆ ಸೀಮೆಣ್ಣೆ ಕ್ಯಾನಿನಷ್ಟು ದೊಡ್ಡ ಕರೀ ಡಬ್ಬಿ ಕುಳಿತಿತ್ತು. ಮೇಲೆ ತಲೆಯಿಲ್ಲದ, ಬರೀ ಎದೆಯಿರುವ ಮನುಷ್ಯನ ಚಿತ್ರ. ಅವ್ವ ಕೇಳಿದಳು:

‘ಇದೇನೋ ತಮ್ಮಾ?’

‘ವೇ ಪ್ರೋಟೀನ್ ಅಜ್ಜಿ. ಚೀಸ್ ಮಾಡುಮುಂದ ಹಾಲು ಒಡಿತೈತಲ್ಲ, ಆ ನೀರು ಸೋಸಿ ಒಣಗಿಸಿ ಪುಡಿ ಮಾಡ್ತಾರ.’

‘ಎಷ್ಟು ಕೊಟ್ಟಿ?’

‘ಮೂರು ಸಾವಿರ.’

‘ಒಡದ ಹಾಲಿನ ನೀರಿಗೆ?’ ಅವ್ವ ಗೋಡೆಗೆ ಆತುಕೊಂಡಳು. ‘ಅದರಾಗ ನಾವು ಚಪಾತಿ ಹಿಟ್ಟು ನಾದತಿದ್ದಿವಿ. ಮೂರು ಸಾವಿರಕ್ಕ ನಮ್ಮ ಕಾಲದಾಗ ಎಮ್ಮಿನ ಬರತಿತ್ತಲ್ಲೋ!’

ಹೈದರಾಬಾದಿನ ಅದೇ ಸಂಸ್ಥೆ 2024ರಲ್ಲಿ, ಮೈಕಟ್ಟಿಗಾಗಿ ಇಂಥ ಪುಡಿಗಳ ಸಹವಾಸ ಬೇಡ ಎಂದು ಸಲಹೆ ಕೊಟ್ಟಿದೆ. ಅದನ್ನು ಓದಿ ಹೇಳಿದೆ. ‘ಕಾಕಾ, ಅವರ್ಯಾರೂ ಜಿಮ್ಮಿಗೆ ಹೋಗಂಗಿಲ್ಲ ಬಿಡ್ರಿ’ ಎಂದ. ಹಿಂದೆ ಗರಡಿಮನೆಯ ಪೈಲ್ವಾನರೂ ಖುರಾಕಿಗೆ ಮನೆ ಹಾಳುಮಾಡಿಕೊಂಡವರೇ. ಆದರೆ ಅವರ ಬದಾಮಿಯನ್ನು ಯಾರೋ ಕೂತು ಅರೆಯಬೇಕಿತ್ತು. ಇವನದು ಬಾಟಲಿಯಲ್ಲಿ ಹಾಕಿ ಅಲುಗಾಡಿಸಿದರೆ ಮುಗಿಯಿತು.

ಡಬ್ಬಿಯನ್ನು ಕಂಡಾಗ ‘ನಮ್ಮ ಹಿರೇರಿಗೆ ಎಲ್ಲಾ ಗೊತ್ತಿತ್ತು’ ಎಂದು ಎದೆ ಉಬ್ಬಿಸುವವರು ನಮ್ಮಲ್ಲಿ ಬಹಳ. ಅರ್ಧ ನಿಜ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನಿದೆ, ಆದರೆ ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಕಡಿಮೆ. ರೊಟ್ಟಿಯೂ ಮಡಕಿಕಾಳು ಪಲ್ಯವೂ ಕೂಡಿದರೆ ಒಬ್ಬರ ಕೊರತೆ ಇನ್ನೊಬ್ಬರು ತುಂಬುತ್ತಾರೆ. ಜಾತಕ ನೋಡದೆ ಕೂಡಿಬಂದ ಸಂಬಂಧ. ಝುಣಕ, ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೇಲೆ ಮೊಸರು, ಎಲ್ಲ ಸರಿಯೇ.

ಉಳಿದರ್ಧ ನಿಜ ಇರುವುದು ಬಡಿಸುವ ಸೌಟಿನಲ್ಲಿ. ಶೇಂಗಾದಲ್ಲಿ ನೂರಕ್ಕೆ 25 ಗ್ರಾಂ ಪ್ರೋಟೀನು ಇರಬಹುದು. ನಮ್ಮ ಗಂಗಾಳಕ್ಕೆ ಬೀಳುವುದು ಒಂದು ಚಮಚೆ ಚಟ್ನಿ, ಅದರಲ್ಲಿ ಎರಡೂವರೆ ಗ್ರಾಂ. ರೊಟ್ಟಿ ನಾಲ್ಕು, ಅನ್ನ ಗುಡ್ಡದಷ್ಟು, ಕಾಳು ಮಾತ್ರ ಒಂದು ಹಿಡಿ. ದುಂಡನೆಯ ಗಂಗಾಳಕ್ಕೂ ಒಂದು ಮೂಲೆ ಹುಡುಕಿ ಪ್ರೋಟೀನನ್ನು ಅಲ್ಲಿ ಕೂಡಿಸಿದವರು ನಾವು. ಹಿರಿಯರಿಗೆ ಗೊತ್ತಿತ್ತು, ಖರೆ. ಪಂಚಮಿಗೆ ಶೇಂಗಾ ಉಂಡಿ, ಪುಠಾಣಿ ಉಂಡಿ, ಎಳ್ಳುಂಡಿ ಎಂದು ಡಬ್ಬಿಗಟ್ಟಲೆ ಮಾಡಿ, ನೆನೆಸಿದ ಕಾಳಿನ ಉಸುಳಿ ಹಾಕಿ, ಜೋಕಾಲಿ ಜೀಕಿಸಿ ಅರಗಿಸುತ್ತಿದ್ದರು. ಆದರೆ ಪಂಚಮಿ ವರ್ಷಕ್ಕೊಮ್ಮೆ. ಸ್ನಾಯು ದಿನಾ ಸವೆಯುತ್ತದೆ, ಕೊಬ್ಬಿನ ಹಾಗೆ ಪ್ರೋಟೀನನ್ನು ಕೂಡಿಡಲು ಮೈಯಲ್ಲಿ ಉಗ್ರಾಣವೂ ಇಲ್ಲ.

ಬೆಳೆಗೇನೂ ಬರವಿಲ್ಲ. ನವಲಗುಂದ, ಅಣ್ಣಿಗೇರಿಯ ಎರಿಹೊಲದಲ್ಲಿ ಹಿಂಗಾರಿಗೆ ಕಡಲೆ, ಮುಂಗಾರಿಗೆ ಹೆಸರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೋಗ ತಡೆಯುವ ಸೋಯಾ ತಳಿಗಳನ್ನು ಕೊಟ್ಟಿದೆ. ಸೋಯಾದಷ್ಟು ಪ್ರೋಟೀನು ಬೇರೆ ಕಾಳಿನಲ್ಲಿಲ್ಲ, ನೂರಕ್ಕೆ 36ರ ಮೇಲೆ. ಅದನ್ನು ನಾವು ಬೆಳೆದು, ಎಣ್ಣೆ ಗಿರಣಿಗೆ ಕಳಿಸಿ, ಹಿಂಡಿಯನ್ನು ಕೋಳಿಗೆ ಹಾಕುತ್ತೇವೆ. ನಮ್ಮಂಥ ಮನೆಗಳಲ್ಲಿ ಕೋಳಿ ತಿನ್ನುವುದಿಲ್ಲ. ಹೀಗೆ ಹೊಲದಿಂದ ಹೊರಟ ಪ್ರೋಟೀನು ನಮ್ಮ ಮನೆಯ ಓಣಿ ತಪ್ಪಿಸಿ ಊರೆಲ್ಲ ತಿರುಗುತ್ತದೆ. ಅಣ್ಣನ ಮಗ ಮಾತ್ರ ಅದನ್ನು ಎಗ್‌ರೈಸ್ ಗಾಡಿಯ ಮುಂದೆ ಅಡ್ಡಗಟ್ಟುತ್ತಾನೆಂದು ನನಗೆ ಗುಮಾನಿಯಿದೆ. ಅವ್ವನ ಮುಂದೆ ಆ ಮಾತು ಎತ್ತುವ ಧೈರ್ಯ ನನಗಿಲ್ಲ.

ತತ್ತಿಯ ಮಾತು ಬಂದಿತು, ಹೇಳಿಯೇ ಬಿಡುತ್ತೇನೆ. ಸರಕಾರಿ ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ತತ್ತಿ ಕೊಡಬೇಕೋ ಬೇಡವೋ ಎಂದು ನಮ್ಮ ರಾಜ್ಯದಲ್ಲಿ ದೊಡ್ಡ ಜಗಳವೇ ಆಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಕೊಟ್ಟು, ವಾರಕ್ಕೆ ಆರು ದಿನ ಕೊಡುವ ವ್ಯವಸ್ಥೆಯಾಯಿತು. ಬೇಡ ಅಂದವರಿಗೆ ಬಾಳೆಹಣ್ಣು. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಸಿಕ್ಕರೆ ಪುಣ್ಯ. ನಾನು ತತ್ತಿ ತಿನ್ನುವವನಲ್ಲ. ಆದರೂ ಈ ತಕ್ಕಡಿ ಕಣ್ಣಿಗೆ ಕಾಣುತ್ತದೆ. ಆ ಜಗಳದಲ್ಲಿ ಗಂಟಲು ಹರಿದುಕೊಂಡವರು ಯಾರೂ ಆ ದಿನದ ಊಟ ತಪ್ಪಿಸಿಕೊಂಡವರಲ್ಲ ಎಂಬುದು ನನ್ನ ಅನುಮಾನ.

ಇಷ್ಟೆಲ್ಲ ತಿಳಿದ ಮೇಲೆ ಮನೆಮಂದಿಯ ಲೆಕ್ಕವನ್ನು ಕಾಗದದ ಮೇಲೆ ಬರೆದು ಹೆಂಡತಿಯ ಮುಂದೆ ಹಿಡಿದೆ. ನನಗೆ 54, ಹುಡುಗನಿಗೆ ಇನ್ನಷ್ಟು, ಅವಳಿಗೆ 46, ಹೆರಿಗೆಗೆ ಬರಲಿರುವ ಮಗಳಿಗೆ ಕೊನೆಯ ಮೂರು ತಿಂಗಳು ದಿನದ ಪಾಲಿನ ಮೇಲೆ ಇನ್ನೂ 22. ರೊಟ್ಟಿ ಬಡಿಯುತ್ತಲೇ ಓದಿದಳು.

‘ನನಗ 46 ಅಂತ ಬರದೀರಿ. ನಾ ಯಾವಾಗ ಉಣ್ತೀನಿ?’

‘ಎಲ್ಲಾರದೂ ಆದ ಮ್ಯಾಲೆ.’

‘ಆವಾಗ ಬೋಗಾಣ್ಯಾಗ ಏನು ಇರತೈತಿ?’

ನಾನು ಕಾಗದ ಮಡಚಿದೆ. ಬೋಗಾಣಿಯ ತಳಕ್ಕೆ ಅಂಟಿದ ಒಗ್ಗರಣೆ ಎಷ್ಟು ಗ್ರಾಂ ಎಂದು ಯಾವ ಸಂಸ್ಥೆಯೂ ಹೇಳಿಲ್ಲ. ಅವ್ವ ಒಳಗಿಂದಲೇ, ‘ನಾ ಅರವತ್ತು ವರ್ಷ ಚಟ್ನಿ ಹಚ್ಚಿ ಉಂಡೀನಿ, ಈಗ ಮೊಣಕಾಲು ಏಳವಲ್ಲವು’ ಎಂದಳು. ಅದು ದೂರೋ ವರದಿಯೋ ತಿಳಿಯಲಿಲ್ಲ.

ಮರುದಿನ ರಾತ್ರಿ ನಾನೂ ಹುಡುಗನೂ ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಉಂಡು ಅಡಿಕೆ ಹಾಕಿಕೊಳ್ಳುತ್ತಿದ್ದರು. ನಮ್ಮ ಗಂಗಾಳದಲ್ಲಿ ಕಡಕ್ ರೊಟ್ಟಿ, ಉಳ್ಳಾಗಡ್ಡಿ, ಚಟ್ನಿ.

‘ಪಲ್ಯ?’ ಎಂದೆ.

‘ತೀರೇತಿ. ಮೂರು ಸಾವಿರದ ಡಬ್ಬಿ ಐತೆಲ್ಲ, ಕಲಿಸಿಕೊಳ್ರಿ. ಇಬ್ಬರಿಗೂ ಸಾಕಾಗತೈತಿ.’

ಚಾಕೊಲೇಟ್ ವಾಸನೆಯ ಆ ನೀರಿನಲ್ಲಿ ಕಡಕ್ ರೊಟ್ಟಿ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಹುಡುಗ ಅಷ್ಟು ಹೊತ್ತೂ ಡಬ್ಬಿಯ ಮೇಲೆ ಬರೆದದ್ದನ್ನು ಓದುತ್ತ ಕೂತಿದ್ದ.

‘ಕಾಕಾ,’ ಅಂದ, ‘ಇದರಾಗ ಲೈಸಿನ್ ಐತಿ ನೋಡ್ರಿ. ರೊಟ್ಟಿಗೆ ಹೊಂದತೈತಿ.’